ಹೈಡ್ರಾಲಿಕ್ಕೋ, ನ್ಯೂಮ್ಯಾಟಿಕ್ಕೋ: ಯಾವ ಕೆಲಸಕ್ಕೆ ಯಾವುದು?

ಒತ್ತಡದ ಎಣ್ಣೆಯಿಂದ ಪಿಸ್ಟನ್ ತಳ್ಳುವುದು ಹೈಡ್ರಾಲಿಕ್, ಒತ್ತಡದ ಗಾಳಿಯಿಂದ ತಳ್ಳುವುದು ನ್ಯೂಮ್ಯಾಟಿಕ್. ಮೊದಲು ಬೇಕಾದ ಬಲವನ್ನು ಲೆಕ್ಕ ಹಾಕಿ, ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. 50 ಮಿ.ಮೀ. ಒಳವ್ಯಾಸದ ಸಿಲಿಂಡರ್‌ಗೆ 6 ಬಾರ್ (ಒತ್ತಡದ ಮಾನ) ಗಾಳಿ ಕೊಟ್ಟರೆ ಸುಮಾರು 1,180 ನ್ಯೂಟನ್ ಬಲ. ಹೆಚ್ಚೆಂದರೆ 120 ಕೆ.ಜಿ. ಎತ್ತೀತು. ಅದೇ ಅಳತೆಗೆ 200 ಬಾರ್ ಎಣ್ಣೆ ಕೊಟ್ಟರೆ 39,000 ನ್ಯೂಟನ್, ಅಂದರೆ ನಾಲ್ಕು ಟನ್. ಪ್ರೆಸ್, ಅಗೆಯುವ ಯಂತ್ರಗಳಲ್ಲಿ ಎಣ್ಣೆ ಇರುವುದು ಇದಕ್ಕೇ.

ಗಾಳಿ ಕುಗ್ಗುತ್ತದೆ. ಹಾಗಾಗಿ ಪಿಸ್ಟನ್ ನಿಧಾನಗತಿಯಲ್ಲಿ ಜಗ್ಗಿ ಜಗ್ಗಿ ಚಲಿಸುತ್ತದೆ, ನಡುದಾರಿಯಲ್ಲಿ ನಿಖರವಾಗಿ ನಿಲ್ಲದು. ಹರಿವನ್ನು ನಿಯಂತ್ರಿಸುವ ಫ್ಲೋ ಕಂಟ್ರೋಲ್ ವಾಲ್ವನ್ನು ಒಳಬರುವ ಗಾಳಿಗಲ್ಲ, ಹೊರಹೋಗುವ ಗಾಳಿಗೆ ಹಾಕಿ. ಚಲನೆ ಎಷ್ಟೋ ಸುಧಾರಿಸುತ್ತದೆ. ಎಣ್ಣೆ ಬಹುತೇಕ ಕುಗ್ಗದ ಕಾರಣ ಭಾರ ಹೊತ್ತು ನಿಲ್ಲುವ ಕೆಲಸಕ್ಕೆ ಅದೇ ಸರಿ, ಜೊತೆಗೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಲಾಕ್ ವಾಲ್ವ್ ಇರಲಿ.

ಹಗುರ ವಸ್ತು ಹಿಡಿಯುವುದು, ತಳ್ಳುವುದು, ಪ್ಯಾಕಿಂಗ್‌ನಂಥ ವೇಗದ ಕೆಲಸಕ್ಕೆ ಕಣ್ಣುಮುಚ್ಚಿ ನ್ಯೂಮ್ಯಾಟಿಕ್ ಆರಿಸಿ. ಬಳಸಿದ ಗಾಳಿಯನ್ನು ಹೊರಬಿಟ್ಟರಾಯಿತು, ರಿಟರ್ನ್ ಪೈಪ್ ಬೇಡ.

ನಿರ್ವಹಣೆಯಲ್ಲಿ ಗಾಳಿಯ ಶತ್ರು ನೀರು: ಫಿಲ್ಟರ್ ಬಟ್ಟಲಲ್ಲಿ ನಿಂತ ನೀರು ಬಸಿಯದಿದ್ದರೆ ವಾಲ್ವ್ ಅಂಟಿಕೊಳ್ಳುತ್ತದೆ. ಸಣ್ಣ ಸೋರಿಕೆಗಳೂ ಕಂಪ್ರೆಸರ್‌ನ ವಿದ್ಯುತ್ತನ್ನು ಸದ್ದಿಲ್ಲದೆ ತಿನ್ನುತ್ತವೆ. ಹೈಡ್ರಾಲಿಕ್‌ನಲ್ಲಿ ಕೊಳಕು, ಬಿಸಿ ಎರಡೂ ಶತ್ರು. ಟ್ಯಾಂಕ್‌ನ ಎಣ್ಣೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಕೂಲರ್, ಹೆಚ್ಚಾದ ಒತ್ತಡ ಇಳಿಸುವ ರಿಲೀಫ್ ವಾಲ್ವ್ ನೋಡಿ. ಪಂಪ್ ಕಿರುಗುಟ್ಟಿದರೆ ಸಕ್ಷನ್ ಸ್ಟ್ರೈನರ್ (ಪಂಪ್ ಎಣ್ಣೆ ಹೀರುವ ಕಡೆಯ ಜಾಲರಿ) ಕಟ್ಟಿಕೊಂಡಿರಬಹುದು. ಹೋಸ್ ಸೋರಿಕೆಯನ್ನು ಎಂದೂ ಕೈಯಿಂದ ತಡಕಬೇಡಿ: ಅಧಿಕ ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.