ರೊಟ್ಟಿ ಬಡಿಯುವಾಗ ಟೊಂಕಕ್ಕೆ ಯಾವುದು ಹಿತ: ನೆಲವೋ, ಮಣೆಯೋ, ಕಟ್ಟೆಯೋ?

ಕಲಬುರಗಿ ಕಡೆ ಹೆಂಗಸರ ನಡುವೆ ಟೊಂಕ ನೋವಿನ ಮಾತು ಬಂದರೆ ಅದು ಬಹಳ ಸಲ ರೊಟ್ಟಿಯ ಹತ್ತಿರವೇ ಬಂದು ನಿಲ್ಲುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಗಿರುವ ಅಂಟು ಇಲ್ಲ. ಬಿಸಿನೀರು ಹಾಕಿ ಒತ್ತಿ ಒತ್ತಿ ನಾದಬೇಕು, ಆಮೇಲೆ ಅಂಗೈಯಿಂದ ಬಡಿಯಬೇಕು. ಎರಡಕ್ಕೂ ಮೈಭಾರ ಮೇಲಿನಿಂದ ಬೀಳಬೇಕು. ಹಾಗಾಗಿ ರೊಟ್ಟಿ ಬಡಿಯುವ ಹಲಗೆ ಎಷ್ಟು ಎತ್ತರದಲ್ಲಿದೆ ಅನ್ನುವುದು ಬೆನ್ನಿಗೆ ದೊಡ್ಡ ವಿಷಯ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬಡಿಯುವುದು ನಮ್ಮ ಅತ್ತೆಯವರ ಪದ್ಧತಿ. "ಕುಂತು ಬಡದ್ರನೇ ರೊಟ್ಟಿ ತೆಳ್ಳಗ ಬರ್ತದ" ಅಂತಾರೆ. ಅದು ನಿಜ, ತೋಳಿನ ಬಲ ನೇರ ಕೆಳಗೆ ಹೋಗುತ್ತದೆ. ಆದರೆ ಹಾಗೆ ಕೂತಾಗ ಸೊಂಟ ಹಿಂದಕ್ಕೆ ವಾಲಿ ಬೆನ್ನು ಗೂನಾಗುತ್ತದೆ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಚೆಮ್ಸನ್ ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನ ಒತ್ತಡ ಅಳೆದಿದ್ದರು. ನಿಂತಾಗ 100 ಅಂತ ಇಟ್ಟುಕೊಂಡರೆ, ಮುಂದೆ ಬಾಗಿ ಕೂತಾಗ ಸುಮಾರು 185. ಆದರೆ 1999ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಒಬ್ಬರ ಬೆನ್ನಿನಲ್ಲಿ ಅಳೆದಾಗ, ಆರಾಮಾಗಿ ಕೂತರೆ ನಿಂತದ್ದಕ್ಕಿಂತ ಜಾಸ್ತಿ ಒತ್ತಡ ಕಂಡಿರಲಿಲ್ಲ. ಹಾಗಾಗಿ ಕೂರುವುದನ್ನು ನಾನು ದೂರಲಾರೆ. ತೊಂದರೆ ಇರುವುದು ಬಾಗುವುದರಲ್ಲಿ.

ಒಲೆ ಪಕ್ಕಕ್ಕಿದ್ದರಂತೂ ಪ್ರತಿ ರೊಟ್ಟಿಗೂ ಬಾಗಿ, ಮೈ ತಿರುಚಿ ಹಂಚಿನ ಮೇಲೆ ಹಾಕಬೇಕು. ನನಗೆ ನೆಲದಲ್ಲಿ ಎಲ್ಲಕ್ಕಿಂತ ನೋವು ಕೊಟ್ಟಿದ್ದು ಇದೇ. ಒಲೆಯನ್ನು ಎದುರಿಗೆ ತಂದ ಮೇಲೆ ಅರ್ಧ ಬಾಧೆ ಕಡಿಮೆಯಾಯಿತು.

ಮಣೆ ಇದಕ್ಕಿಂತ ಎಷ್ಟೋ ವಾಸಿ. ಐದಾರು ಇಂಚು ಎತ್ತರದ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಮೊಣಕಾಲು ಸೊಂಟಕ್ಕಿಂತ ಕೆಳಗೆ ಬರುತ್ತದೆ, ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಆದರೆ ಹಲಗೆಯನ್ನೂ ಇಟ್ಟಿಗೆ ಇಟ್ಟು ಎತ್ತರಿಸಬೇಕು. ನಾವು ಮೇಲೆ, ಹಲಗೆ ಕೆಳಗೆ ಆದರೆ ಇನ್ನಷ್ಟು ಬಾಗಬೇಕಾಗುತ್ತದೆ ಅಲ್ವಾ?

ಇನ್ನು ಅಡುಗೆ ಕಟ್ಟೆ. ನಮ್ಮಲ್ಲಿ ಶಹಾಬಾದ್ ಕಲ್ಲು ಹಾಸಿದ ಕಟ್ಟೆ, ಎತ್ತರ 33 ಇಂಚು. ತರಕಾರಿ ಹೆಚ್ಚಲು ಚೆನ್ನ. ಬಲ ಹಾಕಿ ಒತ್ತುವ ಕೆಲಸಕ್ಕೆ ಮಾತ್ರ ಹಲಗೆ ಮೊಣಕೈಗಿಂತ ಗೇಣಿನಷ್ಟಾದರೂ ಕೆಳಗಿರಬೇಕು. ನನ್ನಂಥ ಕುಳ್ಳಗಿನವರಿಗೆ ಅಷ್ಟು ಅಂತರ ಸಿಗುವುದಿಲ್ಲ. ಭುಜ ಮೇಲೆತ್ತಿ ಬಡಿಯಬೇಕಾಗುತ್ತದೆ. ಟೊಂಕ ಉಳಿಯಿತು, ಭುಜ ಹಿಡಿಯಿತು. ನಮ್ಮ ವೈನಿ ಎತ್ತರ ಇದ್ದಾರೆ, ಅವರಿಗೆ ಅದೇ ಕಟ್ಟೆ ಸರಿಯಾಗಿದೆ.

ನನಗೆ ಕೊನೆಗೆ ಹೊಂದಿದ್ದು ಕಟ್ಟೆಯ ಮುಂದೆ ನಾಲ್ಕು ಇಂಚು ಎತ್ತರದ ಗಟ್ಟಿ ಮರದ ಹಲಗೆ ಹಾಕಿ ಅದರ ಮೇಲೆ ನಿಲ್ಲುವುದು. ಅಲುಗಾಡಬಾರದು, ಎರಡೂ ಪಾದ ಹರಡಿ ನಿಲ್ಲುವಷ್ಟು ಅಗಲ ಬೇಕು. ಬಡಿಯುವಾಗ ಹೊಟ್ಟೆಯನ್ನು ಕಟ್ಟೆಗೆ ಹತ್ತಿರ ಇಟ್ಟುಕೊಳ್ಳುತ್ತೇನೆ. ಒಂದು ಕಾಲನ್ನು ಮುಂದಿನ ಇಟ್ಟಿಗೆಯ ಮೇಲಿಟ್ಟು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತೇನೆ. ದಿನದ ರೊಟ್ಟಿಗೆ ನನ್ನ ಆಯ್ಕೆ ಇದೇ.

ಜಾತ್ರೆಗೋ ಮದುವೆಗೋ ಕಡಕ್ ರೊಟ್ಟಿಯ ರಾಶಿ ಹಾಕುವಾಗ ಮಾತ್ರ ಮಣೆಗೇ ಹೋಗುತ್ತೇನೆ. ಅಷ್ಟು ಹೊತ್ತು ನಿಂತರೆ ಕಾಲು ಸೋಲುತ್ತದೆ. ಒಬ್ಬರು ಬಡಿಯುವುದು, ಒಬ್ಬರು ಸುಡುವುದು, ನಡುವೆ ಎದ್ದು ಜಾಗ ಬದಲಿಸುವುದು. ಯಾವ ಭಂಗಿಯಾದರೂ ತಾಸುಗಟ್ಟಲೆ ಹಾಗೇ ಇದ್ದರೆ ಬೆನ್ನು ಬಿಗಿಯುತ್ತದೆ. ಮೊಣಕಾಲು ನೋವಿರುವವರು ಮಣೆಯ ಗೋಜಿಗೆ ಹೋಗದಿರುವುದು ಒಳ್ಳೆಯದು. ನೋವು ಕಾಲಿಗೆ ಇಳಿದರೆ ಅಥವಾ ಪಾದ ಜೋಮು ಹಿಡಿದರೆ ಹಲಗೆ, ಮಣೆ ಬದಲಿಸುತ್ತಾ ಕೂರದೆ ಡಾಕ್ಟರಿಗೆ ತೋರಿಸಿ.

ಹಿಟ್ಟಿನ ಡಬ್ಬಿಯ ಮಾತೂ ಇದೆ. ಅದೇ ಜರ್ಮನಿಯ ಅಳತೆಯಲ್ಲಿ 20 ಕಿಲೋ ಭಾರವನ್ನು ಬೆನ್ನು ಬಾಗಿಸಿ ಎತ್ತುವುದಕ್ಕಿಂತ, ಮೊಣಕಾಲು ಮಡಿಸಿ ಮೈಗೆ ಹತ್ತಿರ ಹಿಡಿದು ಎತ್ತಿದಾಗ ಡಿಸ್ಕಿನ ಒತ್ತಡ ಸುಮಾರು ಕಾಲು ಭಾಗ ಕಡಿಮೆ ಇತ್ತು. ನಾನು ದೊಡ್ಡ ಡಬ್ಬಿಯನ್ನು ಸೊಂಟದೆತ್ತರದ ಗೋಡೆಗೂಡಿನಲ್ಲೇ ಇಟ್ಟಿದ್ದೇನೆ, ದಿನಕ್ಕೆ ಬೇಕಾದಷ್ಟನ್ನೇ ಬೋಗುಣಿಗೆ ತೆಗೆದುಕೊಳ್ಳುತ್ತೇನೆ.