ಕಲಬುರಗಿಯ ಭಾನುವಾರದ ಧಮ್ಮಪಾಠ: ಮೂರು ವರ್ಷದ ವಿದ್ಯಾರ್ಥಿಯ ಅಭಿಪ್ರಾಯ

ಕಲಬುರಗಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವ ಬೌದ್ಧ ದರ್ಶನ ಮತ್ತು ಧ್ಯಾನದ ಪಾಠಕ್ಕೆ ನಾನು ಸೇರಿ ಮೂರು ವರ್ಷ ತುಂಬಿತು. ಹಿರಿಯ ಭಂತೇಜಿಯೊಬ್ಬರು (ಬೌದ್ಧ ಭಿಕ್ಷು) ಧ್ಯಾನ ಕಲಿಸುತ್ತಾರೆ. ನಿವೃತ್ತ ಪಾಲಿ ಅಧ್ಯಾಪಕರೊಬ್ಬರು ಸುತ್ತಗಳನ್ನು (ಬುದ್ಧರ ಉಪದೇಶಗಳನ್ನು) ಓದಿಸುತ್ತಾರೆ. ಶುಲ್ಕವಿಲ್ಲ, ಮನಸ್ಸಿದ್ದವರು ದಾನ ಕೊಡಬಹುದು.

ಇಲ್ಲಿಗೆ ಬರುವಾಗ ನಾಲ್ಕು ಆರ್ಯಸತ್ಯಗಳು ನನಗೆ ಬಾಯಿಪಾಠವಾಗಿದ್ದವು. ಅಧ್ಯಾಪಕರು ಬುದ್ಧರ ಮೊದಲ ಉಪದೇಶವಾದ ಧಮ್ಮಚಕ್ಕಪ್ಪವತ್ತನ ಸುತ್ತವನ್ನು ಮುಂದಿಟ್ಟು, ಪ್ರತಿ ಸತ್ಯಕ್ಕೂ ಬುದ್ಧರು ಒಂದೊಂದು ಕೆಲಸವನ್ನು ಒಪ್ಪಿಸಿದ್ದಾರೆಂದು ತೋರಿಸಿದರು: ದುಃಖವನ್ನು ಪೂರ್ತಿಯಾಗಿ ಅರಿಯಬೇಕು, ಅದಕ್ಕೆ ಕಾರಣವಾದ ತಣ್ಹೆಯನ್ನು (ತೃಷ್ಣೆಯನ್ನು) ಬಿಡಬೇಕು, ನಿರೋಧವನ್ನು (ದುಃಖದ ಕೊನೆಯನ್ನು) ಸ್ವತಃ ಕಂಡುಕೊಳ್ಳಬೇಕು, ಅಲ್ಲಿಗೆ ಒಯ್ಯುವ ಮಾರ್ಗವನ್ನು ಬೆಳೆಸಬೇಕು. ಸತ್ಯವನ್ನು ತಿಳಿಯುವುದು, ಅದರ ಕೆಲಸವನ್ನು ತಿಳಿಯುವುದು, ಆ ಕೆಲಸ ಮುಗಿಯಿತೆಂದು ತಿಳಿಯುವುದು ಎಂದು ಪ್ರತಿ ಸತ್ಯಕ್ಕೆ ಮೂರು ಹಂತಗಳಂತೆ ಒಟ್ಟು 12 ಆಕಾರಗಳಾಗುತ್ತವೆ. ಈ ಒಂದು ಸುತ್ತಕ್ಕೇ ಎರಡು ತಿಂಗಳು ಹಿಡಿಯಿತು. ಆ ವರ್ಷ ನನ್ನ ತಂದೆ ತೀರಿಕೊಂಡಿದ್ದರು. ನೆನಪು ಬಂದಾಗಲೆಲ್ಲ ಆ ದುಃಖವನ್ನೇ ದೂರ ತಳ್ಳಲು ಹೆಣಗುತ್ತಿದ್ದೆ. ಬಿಡಬೇಕಾದದ್ದು ದುಃಖವನ್ನಲ್ಲ, ಅದನ್ನು ಮೊದಲು ಅರಿಯಬೇಕು ಎಂಬ ಮಾತು ನನಗೆ ನಾಟಿದ್ದು ಅಲ್ಲಿ ಕುಳಿತಾಗ.

ಧ್ಯಾನದಲ್ಲಿಯೂ ಹೀಗೇ ಆಯಿತು. ಮೊಬೈಲಿನ ವಿಡಿಯೋ ನೋಡಿ ನಾನು ಒಂದು ವರ್ಷ ಆನಾಪಾನ (ಉಸಿರನ್ನು ಗಮನಿಸುವ ಧ್ಯಾನ) ಮಾಡಿದ್ದೆ, ಪ್ರತಿ ಬಾರಿಯೂ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಎರಡನೆಯ ವಾರ ಭಂತೇಜಿ ಎದುರಿಗೆ ಕುಳಿತು ಸ್ವಲ್ಪ ಹೊತ್ತು ನೋಡಿ, 'ನಿಮ್ಮ ಹೆಗಲು ಮೇಲೇಳುತ್ತಿದೆ, ಉಸಿರನ್ನು ನೀವು ಎಳೆಯುತ್ತಿದ್ದೀರಿ. ಬರಲಿ ಬಿಡಿ, ಬಂದದ್ದನ್ನು ತಿಳಿಯಿರಿ' ಎಂದರು. ಉಸಿರು ದೀರ್ಘವಾಗಿದ್ದರೆ ದೀರ್ಘವೆಂದು, ಗಿಡ್ಡವಾಗಿದ್ದರೆ ಗಿಡ್ಡವೆಂದು ತಿಳಿಯುತ್ತಾನೆ ಎಂದಷ್ಟೇ ಸತಿಪಟ್ಠಾನ ಸುತ್ತ ಹೇಳುತ್ತದೆ. ಆ ಸಾಲನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ನನ್ನ ಹೆಗಲನ್ನು ಕಂಡವರು ಅವರೊಬ್ಬರೇ.

ಎರಡನೆಯ ವರ್ಷ ಎಲ್ಲರೂ ಭೀಮಾ ತೀರದ ಪ್ರಾಚೀನ ಬೌದ್ಧ ನೆಲೆಯಾದ ಸನ್ನತಿಗೆ ಹೋದೆವು. ಅಲ್ಲೇ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಂದಿಗೆ ನಿಂತ ಅಶೋಕನ ಶಿಲ್ಪವಿದೆ, ಅದರ ಮೇಲೆ ಬ್ರಾಹ್ಮಿಯಲ್ಲಿ ಅವನ ಹೆಸರೂ ಇದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಸಿಕ್ಕ ಶಾಸನದಲ್ಲಿ ಅವನ 12ನೆಯ ಶಿಲಾಶಾಸನದ ಭಾಗವಿದೆ: ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ಹಳಿಯದಂತೆ ಮಾತನ್ನು ಹಿಡಿತದಲ್ಲಿಡಬೇಕೆಂಬುದು ಅದರ ಸಾರ. ಶರಣರ ವಚನ, ಬಂದೇನವಾಜರ ದರ್ಗಾ ಎರಡನ್ನೂ ಕಂಡು ಬೆಳೆದ ಊರಿನವರು ಕೇಳುವ ಪ್ರಶ್ನೆಗಳನ್ನು ನಮ್ಮ ಗುರುಗಳು ಅದೇ ಸಂಯಮದಿಂದ ಎತ್ತಿಕೊಳ್ಳುತ್ತಾರೆ.

ಕೊರತೆಗಳೂ ಇವೆ. ಕನ್ನಡದಲ್ಲಿ ಮುದ್ರಿತ ಟಿಪ್ಪಣಿಗಳಿಲ್ಲ. ವಿವರಣೆ ಆಗಾಗ ಹಿಂದಿಗೆ ಹೊರಳುವುದರಿಂದ ಹಳ್ಳಿಯಿಂದ ಬರುವ ಹಿರಿಯರಿಗೆ ಎಳೆ ತಪ್ಪುತ್ತದೆ. ಇದನ್ನು ನಾನು ಎರಡು ಸಲ ಹೇಳಿದ್ದೇನೆ, ಇನ್ನೂ ಸರಿಯಾಗಿಲ್ಲ. ತೊಗರಿ ಕೊಯ್ಲಿನ ಸಮಯದಲ್ಲಿ ಪಾಠಗಳು ತಪ್ಪುತ್ತವೆ, ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಛಾವಣಿಯ ಕೆಳಗೆ ಒಂಬತ್ತರ ನಂತರ ಕುಳಿತುಕೊಳ್ಳುವುದು ಕಷ್ಟ. ಬೇಗ ಪ್ರಮಾಣಪತ್ರ ಬೇಕೆನ್ನುವವರಿಗೆ ಇದು ಹೊಂದದು, ಏಕೆಂದರೆ ಇಲ್ಲಿ ಪರೀಕ್ಷೆಯಿಲ್ಲ. ಆನಾಪಾನಸತಿ ಸುತ್ತದ 16 ಹಂತಗಳಲ್ಲಿ ನಾನು ಈಗಲೂ ಮೊದಲ ನಾಲ್ಕರಲ್ಲಿದ್ದೇನೆ. ಮುಂದಕ್ಕೆ ಹೋಗೆಂದು ಭಂತೇಜಿ ಇನ್ನೂ ಹೇಳಿಲ್ಲ.