ಟಿಎಂಎಸ್: 3 ನಿಮಿಷದ ಚಿಕಿತ್ಸೆ, ಅರ್ಧ ದಿನದ ಓಡಾಟ

ಖಿನ್ನತೆಗೆ (ಡಿಪ್ರೆಶನ್) ಬೇರೆ ಬೇರೆ ಮಾತ್ರೆ ಪೂರ್ತಿ ಡೋಸಿನಲ್ಲಿ ನುಂಗಿ, ತೂಕ ಏರಿದ್ದು ಬಿಟ್ಟರೆ ಇನ್ನೇನೂ ಆಗದೇ ಇದ್ದಾಗ ಡಾಕ್ಟರು ಟಿಎಂಎಸ್ ಮಾಡಿಸೋಣ ಅಂದರು. ಮುಗಿಸಿ ವರ್ಷದ ಮೇಲಾಯಿತು. ಟಿಎಂಎಸ್ ಅಂದರೆ ತಲೆಯ ಮೇಲೆ ಕಾಯಿಲ್ (ತಂತಿಯ ಸುರುಳಿ) ಇಟ್ಟು, ಅಯಸ್ಕಾಂತದ ಮಿಡಿತಗಳಿಂದ ಮೆದುಳಿನ ಎಡ ಮುಂಭಾಗವನ್ನು ಚುರುಕು ಮಾಡುವ ಚಿಕಿತ್ಸೆ.

ನನಗೆ ಕೊಟ್ಟಿದ್ದು ಥೀಟಾ ಬರ್ಸ್ಟ್, ಅಂದರೆ ಮಿಡಿತಗಳನ್ನು ಗೊಂಚಲು ಗೊಂಚಲಾಗಿ ಬೇಗ ಬೇಗ ಕೊಡುವ ಪದ್ಧತಿ. ಹಳೇ ಪದ್ಧತಿಯಲ್ಲಿ ಒಂದು ಸಿಟಿಂಗ್‌ಗೆ 37 ನಿಮಿಷ ಹಿಡಿಯುತ್ತಿತ್ತು, ಇದಕ್ಕೆ ಬರೀ 3 ನಿಮಿಷ. ಕೆನಡಾದಲ್ಲಿ 414 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೇದು, ಇನ್ನೊಂದಕ್ಕೆ ಇದನ್ನು ಕೊಟ್ಟು ಹೋಲಿಸಿದರು. ಚಿಕ್ಕದೇನೂ ಕಡಿಮೆಯಿಲ್ಲ ಅಂತ 2018ರಲ್ಲಿ ಗೊತ್ತಾಯಿತು, ಅದೇ ವರ್ಷ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಅನುಮತಿ ಕೊಡುವ ಎಫ್‌ಡಿಎ ಕೂಡ ಒಪ್ಪಿತು.

ಮೊದಲ ದಿನ ಡೋಸ್ ಹೊಂದಿಸುವುದೇ ಮಜಾ. ತಲೆಯ ಎಡಭಾಗಕ್ಕೆ ಕಾಯಿಲ್ ಇಟ್ಟು ಟಕ್ ಅನ್ನಿಸುತ್ತಾರೆ, ಬಲಗೈ ಹೆಬ್ಬೆರಳು ನಮ್ಮನ್ನು ಕೇಳದೇ ಕುಣಿಯುತ್ತದೆ! ಅದು ಎಷ್ಟಕ್ಕೆ ಅಲುಗುತ್ತದೋ ಆ ಲೆಕ್ಕದಲ್ಲಿ ಶಕ್ತಿ ಇಡುತ್ತಾರೆ. ಆಮೇಲೆ ದಿನಾ ಒಂದೇ ಕ್ರಮ. ಓಲೆ, ಹೇರ್‌ಪಿನ್ ಬಿಚ್ಚಿ ಪರ್ಸಿನ ಚಿಕ್ಕ ಜೇಬಿಗೆ ಹಾಕುವುದು, ಮೊಬೈಲ್ ದೂರದ ಟೇಬಲ್ಲಿಗೆ, ಕಿವಿಗೆ ಇಯರ್‌ಪ್ಲಗ್. ಎರಡು ಸೆಕೆಂಡು ಮರಕುಟಿಗನ ಹಾಗೆ ಕುಟ್ಟುತ್ತದೆ, ಎಂಟು ಸೆಕೆಂಡು ಸುಮ್ಮನಿರುತ್ತದೆ, ಮತ್ತೆ ಶುರು. ಮೊದಲ ವಾರ ತಲೆನೋವಿತ್ತು, ಪ್ಯಾರಾಸಿಟಮಾಲ್‌ಗೆ ಹೋಯಿತು. ಅರಿವಳಿಕೆ ಇಲ್ಲ, ಮರೆವಿಲ್ಲ, ಎದ್ದು ನೇರ ಮೆಟ್ರೋ ಹತ್ತಬಹುದು.

ಆದರೆ ಗೋಳು ಇರುವುದೇ ಆ ಮೆಟ್ರೋದಲ್ಲಿ. ಕೆಂಗೇರಿಯಿಂದ ಇಂದಿರಾನಗರಕ್ಕೆ, ವಾರಕ್ಕೆ ಐದು ದಿನ, ಆರು ವಾರ. ಹಾಸಿಗೆ ಬಿಟ್ಟು ಏಳಲಾಗದವರ ಕಾಯಿಲೆಗೆ ದಿನಾ ಸ್ನಾನ ಮಾಡಿ, ಸೀರೆ ಉಟ್ಟು ಊರಿನ ಆ ತುದಿಗೆ ಹೋಗಿ ಅಂದರೆ ಏನರ್ಥ? ಬೈಕೊಂಡೇ ಹೋದೆ. ನಾಲ್ಕನೇ ವಾರದ ಹೊತ್ತಿಗೆ ಒಂದು ಸಂಜೆ ಹುರುಳಿಕಾಯಿ ರೇಟಿಗೆ ತರಕಾರಿಯವನ ಹತ್ತಿರ ಜೋರಾಗಿ ಚೌಕಾಸಿ ಮಾಡಿದೆ. ಪಕ್ಕದಲ್ಲಿದ್ದ ಯಜಮಾನರು ನಕ್ಕುಬಿಟ್ಟರು. ಬೆಲೆ ಕೇಳುವುದನ್ನೇ ನಾನು ಬಿಟ್ಟು ಎಷ್ಟು ಕಾಲ ಆಗಿತ್ತೋ. ವಾಸಿ ಮಾಡಿದ್ದು ಯಂತ್ರವೋ, ದಿನಾ ಮನೆಯಿಂದ ಹೊರಬಿದ್ದದ್ದೋ, ಈಗಲೂ ಒಂದು ಅನುಮಾನ ಇದೆ.

ಇನ್ನು ದುಡ್ಡಿನ ವಿಷಯ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ವಿಮೆ ಕೊಡಬೇಕು. ನಮ್ಮ ವಿಮೆಯವರು ಕ್ಲೇಮ್ ತಳ್ಳಿಹಾಕಿದರು, ಕಾರಣ ಏನು ಗೊತ್ತಾ, ನಾನು 24 ಗಂಟೆ ಅಡ್ಮಿಟ್ ಆಗಿರಲಿಲ್ಲವಂತೆ. 3 ನಿಮಿಷದ ಕೆಲಸಕ್ಕೆ ಒಂದು ದಿನ ಯಾಕ್ರೀ ಮಲಗಬೇಕು? ಮಗಳ ಸ್ಕೂಟಿಗೆ ಅಂತ ಕಟ್ಟುತ್ತಿದ್ದ ಆರ್‌ಡಿ ಮುರಿಸಿದೆ.

ಮಾತ್ರೆ ಪೂರ್ತಿ ನಿಂತಿಲ್ಲ, ಡೋಸ್ ಇಳಿದಿದೆ. ಮಳೆಗಾಲದಲ್ಲಿ ಸ್ವಲ್ಪ ಕುಸಿದಾಗ ಮತ್ತೆ ಕೆಲವು ಸಿಟಿಂಗ್ ಕೊಟ್ಟರು, ಚೇತರಿಸಿಕೊಂಡೆ. ಎಲ್ಲರಿಗೂ ಹೀಗೇ ಅಂತ ಹೇಳಲಾರೆ, ನನ್ನ ಜೊತೆ ಬರುತ್ತಿದ್ದ ಒಬ್ಬ ಹುಡುಗನಿಗೆ ಕೋರ್ಸ್ ಮುಗಿದರೂ ಏನೂ ಫರಕಾಗಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸಲು ಆಪರೇಷನ್ ಮಾಡಿ ಒಳಗೆ ಕೂರಿಸುವ ಸಾಧನ) ಇದ್ದರೆ ಇದು ಆಗುವುದಿಲ್ಲ. ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿ.

ಶುರು ಮಾಡುವವರು ನಿಮ್ಹಾನ್ಸ್‌ನಲ್ಲೂ ವಿಚಾರಿಸಿ. ಎಲ್ಲೇ ಮಾಡಿಸಿ, ಬಿಲ್ಲು ಡೇ ಕೇರ್ (24 ಗಂಟೆ ಅಡ್ಮಿಟ್ ಆಗಬೇಕಿಲ್ಲದ ಚಿಕಿತ್ಸೆ) ಅಂತ ಕೊಡುತ್ತಾರಾ, ವಿಮೆಯವರು ಅದನ್ನು ಒಪ್ಪುತ್ತಾರಾ, ಎರಡನ್ನೂ ಮೊದಲ ಸಿಟಿಂಗ್‌ಗೆ ಮುಂಚೆಯೇ ಇಮೇಲಿನಲ್ಲಿ ಬರೆಸಿಕೊಳ್ಳಿ. ನನ್ನ ದೂರು ಇನ್ನೂ ಓಂಬುಡ್ಸ್‌ಮನ್ (ವಿಮೆಯ ದೂರು ವಿಚಾರಿಸುವ ಅಧಿಕಾರಿ) ಮುಂದೆ ಇದೆ.